“ಕೊನೆಯ ಸಲ ಸರಿಯಾಗಿದ್ದುದು ಎಷ್ಟು ಗಂಟೆಗೆ?” – ಕಾಸರಗೋಡಿನ ಆರೋಗ್ಯಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಗೆ,
ಜಿಲ್ಲಾ ವೈದ್ಯಾಧಿಕಾರಿಯವರು, ಕಾಸರಗೋಡು
ಜಿಲ್ಲಾಧಿಕಾರಿಯವರು, ಕಾಸರಗೋಡು
ಹಾಗೂ ಮಂಜೇಶ್ವರ, ಕಾಸರಗೋಡು ತಾಲೂಕುಗಳ ಗ್ರಾಮ ಪಂಚಾಯತು ಅಧ್ಯಕ್ಷರು

ವಿಷಯ: ಕನ್ನಡ, ತುಳು ಮಾತಾಡುವ ಗಡಿ ಪಂಚಾಯತುಗಳಲ್ಲಿ ಪಾರ್ಶ್ವವಾಯು ರೋಗಿಗಳಿಗೆ ಚಿಕಿತ್ಸೆಯ ಸಮಯ ತಪ್ಪುತ್ತಿರುವುದರ ಬಗ್ಗೆ

ಮಾನ್ಯರೇ,

ಪಾರ್ಶ್ವವಾಯು ಬಡಿದವರನ್ನು ಆಸ್ಪತ್ರೆಗೆ ತಂದಾಗ ಬಾಗಿಲಲ್ಲೇ ಕೇಳಬೇಕಾದ ಪ್ರಶ್ನೆ ಒಂದಿದೆ: “ಇವರು ಕೊನೆಯ ಸಲ ಸರಿಯಾಗಿದ್ದುದನ್ನು ಯಾರು ನೋಡಿದ್ದು, ಎಷ್ಟು ಗಂಟೆಗೆ?” ರಕ್ತದ ಹೆಪ್ಪು ಕರಗಿಸುವ ಔಷಧಿ ಕೊಡಬಹುದೇ ಬೇಡವೇ ಎಂಬುದು ಬಹುಮಟ್ಟಿಗೆ ಈ ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ. ನಮ್ಮ ಗಡಿ ಪಂಚಾಯತುಗಳಲ್ಲಿ ಆ ಪ್ರಶ್ನೆಯನ್ನು ಅನೇಕ ಸಲ ಮನೆಯವರಿಗೆ ಅರ್ಥವಾಗದ ಭಾಷೆಯಲ್ಲಿ ಕೇಳಲಾಗುತ್ತದೆ, ಇಲ್ಲವೇ ಆ ಹೊತ್ತಿನಲ್ಲಿ ಮನೆಯಲ್ಲೇ ಇರದ ಒಬ್ಬರನ್ನು ಕೇಳಲಾಗುತ್ತದೆ. ಈ ಪತ್ರ ಬರೆಯುತ್ತಿರುವ ನಾವು ಈ ಎರಡು ತಾಲೂಕುಗಳಲ್ಲಿ ರೋಗಿಗಳ ನಡುವೆ ಕೆಲಸ ಮಾಡುವ, ಕನ್ನಡ ಬಲ್ಲ ಆರೋಗ್ಯ ಕಾರ್ಯಕರ್ತರು. ಸಮಯ ಎಲ್ಲೆಲ್ಲಿ ಸೋರುತ್ತದೆ, ಅದನ್ನು ತಡೆಯಲು ಏನು ಸಾಧ್ಯ ಎಂಬುದನ್ನು ನಿಮ್ಮ ಗಮನಕ್ಕೆ ತರುವುದು ನಮ್ಮ ಉದ್ದೇಶ.

ಮೊದಲು ಹೆಸರಿನ ಮಾತು. ಪಾರ್ಶ್ವವಾಯು, ಲಕ್ವ, ವಾತ ಬಡಿದದ್ದು, ಮಲಯಾಳದಲ್ಲಿ ಪಕ್ಷಾಘಾತ, ಇಂಗ್ಲಿಷಿನಲ್ಲಿ ಸ್ಟ್ರೋಕ್ – ಹೆಸರು ಯಾವುದಿದ್ದರೂ ಕಾಯಿಲೆ ಇರುವುದು ಮಿದುಳಿನ ರಕ್ತನಾಳದಲ್ಲಿ. ಆದರೆ ‘ವಾಯು’, ‘ವಾತ’ ಎಂಬ ಪದಗಳು ಕೈಕಾಲಿನ ಕಡೆಗೇ ಬೊಟ್ಟು ಮಾಡುತ್ತವೆ. ಹಾಗಾಗಿ ಮನೆಯವರ ಮೊದಲ ಯೋಚನೆ ಎಣ್ಣೆ, ತಿಕ್ಕುವುದು, ಕಷಾಯ. ತಪ್ಪು ಅವರದಲ್ಲ; ಅವರ ಭಾಷೆಯಲ್ಲಿ ಬೇರೆ ರೀತಿ ಹೇಳಿದವರಿಲ್ಲ. ನಡೆಯುವುದು ಇಷ್ಟು: ನೂರರಲ್ಲಿ ಸುಮಾರು 80ರಿಂದ 85 ಮಂದಿಗೆ ಮಿದುಳಿಗೆ ಹೋಗುವ ರಕ್ತನಾಳವೊಂದು ಹೆಪ್ಪಿನಿಂದ ಕಟ್ಟಿಕೊಳ್ಳುತ್ತದೆ. ಉಳಿದವರಿಗೆ ನಾಳ ಒಡೆದು ಮಿದುಳಿನೊಳಗೆ ಅಥವಾ ಅದರ ಸುತ್ತ ರಕ್ತ ಸೋರುತ್ತದೆ. ಹೊರಗಿನಿಂದ ಎರಡೂ ಒಂದೇ ರೀತಿ ಕಾಣುತ್ತವೆ. ಬಾಯಿ ಒಂದು ಬದಿಗೆ ವಾಲುತ್ತದೆ, ಒಂದು ಕೈ ಬೀಳುತ್ತದೆ, ಮಾತು ತೊದಲುತ್ತದೆ ಅಥವಾ ನಿಲ್ಲುತ್ತದೆ. ಎಷ್ಟೇ ಅನುಭವವಿದ್ದ ವೈದ್ಯರೂ ರೋಗಿಯನ್ನು ನೋಡಿ ಮಾತ್ರ ಇದು ಹೆಪ್ಪೋ ರಕ್ತಸ್ರಾವವೋ ಎಂದು ಖಚಿತವಾಗಿ ಹೇಳಲಾರರು. ಅದಕ್ಕೆ ತಲೆಯ ಸಿ.ಟಿ. ಸ್ಕ್ಯಾನ್ ಬೇಕೇ ಬೇಕು. “ಹಾರ್ಟಿಗೆ ಕೊಡುವ ಹಾಗೆ ಇದಕ್ಕೂ ಒಂದು ಆಸ್ಪಿರಿನ್ ಕೊಟ್ಟುಬಿಡಿ” ಎಂಬ ಸಲಹೆ ಅಪಾಯಕಾರಿಯಾಗುವುದು ಇಲ್ಲೇ. ಸೋರುತ್ತಿರುವುದು ರಕ್ತವಾದರೆ ಆ ಮಾತ್ರೆ ಅದನ್ನು ಇನ್ನಷ್ಟು ಸೋರಿಸಬಹುದು.

ದೊಡ್ಡ ನಾಳ ಕಟ್ಟಿಕೊಂಡಾಗ ಮಿದುಳಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ಹೆಪ್ಪು ಕರಗಿಸುವ ಔಷಧಿಯನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆಲ್ಟೆಪ್ಲೇಸ್ ಆದರೆ ದೇಹದ ತೂಕದ ಒಂದು ಕಿಲೋಗೆ 0.9 ಮಿಲಿಗ್ರಾಂ, ಒಟ್ಟು 90 ಮಿಲಿಗ್ರಾಂ ಮೀರದಂತೆ. 60 ಕಿಲೋ ತೂಕದವರಿಗೆ 54 ಮಿಲಿಗ್ರಾಂ ಆಯಿತು. ಅದರಲ್ಲಿ ಹತ್ತನೇ ಒಂದು ಪಾಲನ್ನು ಒಂದು ನಿಮಿಷದಲ್ಲಿ ಚುಚ್ಚಿ, ಉಳಿದ 48.6 ಮಿಲಿಗ್ರಾಂ ಅನ್ನು ಒಂದು ಗಂಟೆಯ ಕಾಲ ಡ್ರಿಪ್‌ನಲ್ಲಿ ಬಿಡುತ್ತಾರೆ. ಟೆನೆಕ್ಟೆಪ್ಲೇಸ್ ಎಂಬ ಇನ್ನೊಂದು ಔಷಧಿಯನ್ನು ಒಂದೇ ಸಲಕ್ಕೆ ಚುಚ್ಚಿ ಮುಗಿಸಬಹುದು. ಚಿಕ್ಕ ಆಸ್ಪತ್ರೆಯಿಂದ ದೊಡ್ಡ ಆಸ್ಪತ್ರೆಗೆ ಕಳಿಸುವಾಗ ಇದು ದೊಡ್ಡ ಅನುಕೂಲ.

‘ನಾಲ್ಕೂವರೆ ಗಂಟೆ ಇದೆಯಲ್ಲ’ ಎಂಬ ಸಮಾಧಾನ ಮಾತ್ರ ಸಲ್ಲದು. ಮೂರು ಗಂಟೆಯೊಳಗೆ ಔಷಧಿ ಸಿಕ್ಕರೆ ಅದರಿಂದಾಗಿ ನೂರರಲ್ಲಿ ಸುಮಾರು 10 ಮಂದಿ ಹೆಚ್ಚುವರಿಯಾಗಿ ಹೆಚ್ಚುಕಡಿಮೆ ಮೊದಲಿನಂತಾಗುತ್ತಾರೆ. ಮೂರರಿಂದ ನಾಲ್ಕೂವರೆ ಗಂಟೆಯ ನಡುವೆ ಕೊಟ್ಟರೆ ಆ ಸಂಖ್ಯೆ ಸುಮಾರು 5ಕ್ಕೆ ಇಳಿಯುತ್ತದೆ. ಔಷಧಿಗೂ ಅಪಾಯವಿದೆ. 1995ರ ಮೊದಲ ದೊಡ್ಡ ಪರೀಕ್ಷೆಯಲ್ಲಿ ನೂರರಲ್ಲಿ ಆರು ಮಂದಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಸ್ಥಿತಿ ಕೆಟ್ಟಿತ್ತು. ಹಾಗಾಗಿಯೇ ಕೊಡುವ ಮೊದಲು ರಕ್ತದೊತ್ತಡವನ್ನು 185/110ಕ್ಕಿಂತ ಕೆಳಗೆ ತರಬೇಕು, ಸಕ್ಕರೆ ನೋಡಬೇಕು, ಹಿಂದಿನ ಮೂರು ತಿಂಗಳಲ್ಲಿ ತಲೆಗೆ ಬಲವಾದ ಪೆಟ್ಟು ಬಿದ್ದಿದೆಯೇ, ಎರಡು ವಾರದೊಳಗೆ ದೊಡ್ಡ ಆಪರೇಶನ್ ಆಗಿದೆಯೇ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದಾರೆಯೇ ಎಂದು ಕೇಳಬೇಕು. ಗಮನಿಸಿ, ಇದರಲ್ಲಿ ಅರ್ಧಕ್ಕರ್ಧ ಯಂತ್ರದಿಂದ ತಿಳಿಯುವ ಸಂಗತಿಗಳಲ್ಲ, ಮನೆಯವರ ಬಾಯಿಂದ ಬರಬೇಕಾದವು.

ದೊಡ್ಡ ನಾಳವೇ ಕಟ್ಟಿದ್ದರೆ ತೊಡೆಯ ಅಥವಾ ಕೈಯ ರಕ್ತನಾಳದ ಮೂಲಕ ಕೊಳವೆ ಹಾಯಿಸಿ ಹೆಪ್ಪನ್ನು ಹೊರಗೆಳೆಯುವ ಚಿಕಿತ್ಸೆ ಇದೆ. ಸಾಮಾನ್ಯವಾಗಿ ಆರು ಗಂಟೆಯೊಳಗೆ. ಸ್ಕ್ಯಾನಿನಲ್ಲಿ ಉಳಿಸಬಹುದಾದ ಮಿದುಳು ಕಂಡುಬಂದ ಕೆಲವರಿಗೆ 24 ಗಂಟೆಯವರೆಗೂ ಮಾಡಬಹುದು. ಅದಕ್ಕೆ ನುರಿತ ತಂಡ, ಕ್ಯಾಥ್‌ಲ್ಯಾಬ್ (ಕೊಳವೆ ಹಾಯಿಸುವ ಸೌಲಭ್ಯವಿರುವ ಕೊಠಡಿ) ಬೇಕು. ಮಂಜೇಶ್ವರದ ಕಡೆಯವರಿಗೆ ಅದರ ಹತ್ತಿರದ ದಾರಿ ರಾಜ್ಯದ ಗಡಿಯಾದ ತಲಪಾಡಿ ದಾಟಿ ಮಂಗಳೂರಿಗೆ.

ಈಗ ಒಂದು ಮನೆಯ ಲೆಕ್ಕ ಹಾಕೋಣ. ಎಣ್ಮಕಜೆಯದೋ ಬೆಳ್ಳೂರಿನದೋ ದೇಲಂಪಾಡಿಯದೋ ಒಂದು ತೋಟದ ಮನೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಏಳಕ್ಕೆ ಅಜ್ಜನ ಬಾಯಿ ವಾಲಿದ್ದು ಕಾಣುತ್ತದೆ. “ಸ್ವಲ್ಪ ಮಲಗಲಿ” ಎಂದು ಅರ್ಧ ಗಂಟೆ. ಪಟ್ಟಣದಲ್ಲಿರುವ ಮಗನಿಗೆ ಫೋನು, ನೆರೆಯವರು ಬರುವುದು, ಬಾಯಿಗೆ ಬಿಸಿನೀರು, ಕಾಲಿಗೆ ಎಣ್ಣೆ – ಇನ್ನೊಂದು ಗಂಟೆ. ಜೀಪು ಸಿಕ್ಕಿ ಹತ್ತಿರದ ಆರೋಗ್ಯ ಕೇಂದ್ರ ಮುಟ್ಟುವಾಗ ಒಂಬತ್ತು. ಅಲ್ಲಿ ಸಿ.ಟಿ. ಇಲ್ಲ, ಡ್ರಿಪ್ ಹಾಕಿ, ಚೀಟಿ ಬರೆದು, ಇನ್ನೊಂದು ವಾಹನ ಹುಡುಕಿ ಹೊರಡುವಾಗ ಹತ್ತು. ಪೇಟೆಯ ಎರಡನೇ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಗುವಾಗ ಹನ್ನೊಂದೂವರೆ. ಅಲ್ಲಿ ಹೆಪ್ಪು ಕರಗಿಸುವ ಔಷಧಿಯಿಲ್ಲ ಎಂದಾದರೆ ಮೂರನೇ ಆಸ್ಪತ್ರೆ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಒಬ್ಬರೂ ಬೇಕೆಂದು ತಡ ಮಾಡಿದ್ದಲ್ಲ, ಎಲ್ಲರೂ ಓಡಿದ್ದಾರೆ. ಆದರೂ ಐದು ಗಂಟೆ ಮೀರಿತು.

ಇದರಲ್ಲಿ ಅತ್ಯಂತ ದುಬಾರಿಯಾದದ್ದು ಮೊದಲ ನಿಲ್ದಾಣ. ಸಿ.ಟಿ. ಇಲ್ಲದ, ಔಷಧಿಯಿಲ್ಲದ ಕಡೆ ಪಾರ್ಶ್ವವಾಯು ರೋಗಿಯನ್ನು ಇಳಿಸುವುದರಿಂದ ಆಗುವ ಲಾಭ ಬಹಳ ಕಡಿಮೆ. ಉಸಿರಾಟ ತೊಂದರೆಯಾಗಿದ್ದರೆ, ಅಪಸ್ಮಾರ ನಿಲ್ಲದಿದ್ದರೆ ಹತ್ತಿರದ ಕೇಂದ್ರಕ್ಕೆ ಹೋಗಲೇಬೇಕು. ಉಳಿದವರು ನೇರವಾಗಿ ಚಿಕಿತ್ಸೆ ಸಿಗುವ ಆಸ್ಪತ್ರೆಗೆ ಹೋಗಬೇಕು. ಕೇರಳ ಸರ್ಕಾರದ ‘ಶಿರಸ್’ ಯೋಜನೆ ಇರುವುದೇ ಇದಕ್ಕಾಗಿ. ಆಯ್ದ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ದುಬಾರಿ ಔಷಧಿಯನ್ನು ಉಚಿತವಾಗಿ ಕೊಡುವ ಒಳ್ಳೆಯ ಯೋಜನೆ ಅದು. ಆದರೆ ಪೈವಳಿಕೆಯ ಒಬ್ಬ ರಿಕ್ಷಾ ಚಾಲಕನಿಗೆ ಈ ರಾತ್ರಿ ಎರಡು ಗಂಟೆಗೆ ಯಾವ ಆಸ್ಪತ್ರೆಯಲ್ಲಿ ಅದು ಸಿಗುತ್ತದೆ ಎಂದು ಕನ್ನಡದಲ್ಲಿ ತಿಳಿಯುವ ದಾರಿ ಇಲ್ಲದಿದ್ದರೆ, ಆ ಹೊತ್ತಿಗೆ ಆ ಮನೆಗೆ ಯೋಜನೆ ಇದ್ದೂ ಇಲ್ಲದಂತೆಯೇ.

ಮೊದಲ ನಿಲ್ದಾಣದಲ್ಲಿ ಆಗುವ ತಪ್ಪುಗಳನ್ನೂ ಹೇಳಬೇಕಾಗಿದೆ. ಯಾರನ್ನೂ ದೂರಲಿಕ್ಕಲ್ಲ, ಇವೆಲ್ಲ ತಿದ್ದಿಕೊಳ್ಳಬಹುದಾದವು ಎಂಬ ಕಾರಣಕ್ಕೆ. ಬೀಪಿ 200/110 ಇದೆಯೆಂದು ಗಾಬರಿಯಾಗಿ ನಾಲಗೆಯಡಿ ಮಾತ್ರೆ ಇಟ್ಟು ಒಮ್ಮೆಲೇ ಇಳಿಸುವುದು ಒಂದು. ನಾಳ ಕಟ್ಟಿಕೊಂಡಾಗ ಮಿದುಳು ಆ ಹೆಚ್ಚಿನ ಒತ್ತಡದಿಂದಲೇ ಅಡ್ಡದಾರಿಗಳ ಮೂಲಕ ಅಷ್ಟಿಷ್ಟು ರಕ್ತ ಪಡೆಯುತ್ತಿರುತ್ತದೆ. ಒತ್ತಡ ಧಡಕ್ಕನೆ ಬಿದ್ದರೆ ಉಳಿಯಬಹುದಾಗಿದ್ದ ಭಾಗವೂ ಸಾಯುತ್ತದೆ. ಹೆಪ್ಪು ಕರಗಿಸುವ ಔಷಧಿ ಕೊಡುವುದಿಲ್ಲವಾದರೆ 220/120ರವರೆಗಿನ ಒತ್ತಡವನ್ನು ಮೊದಲ ದಿನ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಇಳಿಸಲೇಬೇಕಾದಾಗಲೂ ಅದು ರಕ್ತನಾಳದ ಮೂಲಕ, ಅಳತೆಯಿಂದ ಆಗಬೇಕಾದ ಕೆಲಸ. ರಕ್ತಸ್ರಾವವಾಗಿದ್ದರೆ ಲೆಕ್ಕವೇ ಬೇರೆ, ಅದಕ್ಕೂ ಸ್ಕ್ಯಾನ್ ಆಗಬೇಕು. ಇನ್ನೊಂದು, ಸಕ್ಕರೆ ನೋಡದೆ ಬಿಡುವುದು. ಮಧುಮೇಹದ ಮಾತ್ರೆ ತಿಂದು ಊಟ ಬಿಟ್ಟವರಿಗೆ ಸಕ್ಕರೆ ಇಳಿದಾಗಲೂ ಒಂದು ಬದಿ ಸೋಲುವುದುಂಟು. ಬೆರಳ ಹನಿ ರಕ್ತದಲ್ಲಿ ಒಂದು ನಿಮಿಷದೊಳಗೆ ತಿಳಿಯುವ ವಿಷಯ ಇದು, ಗ್ಲೂಕೋಸ್ ಕೊಟ್ಟರೆ ಎದ್ದು ಕೂರುತ್ತಾರೆ. ಮೂರನೆಯದು, “ಸಿ.ಟಿ. ನಾರ್ಮಲ್ ಇದೆ, ಸ್ಟ್ರೋಕ್ ಅಲ್ಲ” ಎಂದು ಮನೆಗೆ ಕಳಿಸುವುದು. ರಕ್ತಸ್ರಾವವಾದರೆ ಸಿ.ಟಿ.ಯಲ್ಲಿ ಕೂಡಲೇ ಬೆಳ್ಳಗೆ ಕಾಣುತ್ತದೆ. ಹೆಪ್ಪಿನಿಂದಾದ ಹಾನಿ ಮೊದಲ ಕೆಲವು ಗಂಟೆ ಕಾಣದೇ ಇರಬಹುದು. ಕೈ ಬಿದ್ದಿದೆ, ಮಾತು ಹೋಗಿದೆ, ಸಿ.ಟಿ. ನಾರ್ಮಲ್ ಇದೆ ಎಂದಾದರೆ ಔಷಧಿ ಕೊಡಲು ಅದೇ ಸರಿಯಾದ ಹೊತ್ತಾಗಿರಬಹುದು.

ತಲೆತಿರುಗು, ಎರಡೆರಡಾಗಿ ಕಾಣುವುದು, ನಡೆಯುವಾಗ ಒಂದು ಬದಿಗೆ ಎಳೆದಂತಾಗುವುದು, ವಾಂತಿ – ಇವು ಒಮ್ಮೆಗೇ ಬಂದರೆ ಮಿದುಳಿನ ಹಿಂಭಾಗದ ಸ್ಟ್ರೋಕ್ ಇರಬಹುದು. ಕೈಕಾಲು ಆಡುತ್ತದೆ ಎಂಬ ಕಾರಣಕ್ಕೆ ಇದನ್ನು ಗ್ಯಾಸ್ ಎಂದೋ ಪಿತ್ತ ಎಂದೋ ತಳ್ಳಿಹಾಕುವುದು ಬಹಳ. ಹೆರಿಗೆಯಾದ ಕೆಲವು ವಾರಗಳಲ್ಲಿ ತೀವ್ರ ತಲೆನೋವು, ಜೊತೆಗೆ ಅಪಸ್ಮಾರ ಬಂದರೆ ಮಿದುಳಿನ ಅಭಿಧಮನಿಯಲ್ಲಿ ಹೆಪ್ಪು ಕಟ್ಟಿರಬಹುದು. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಇನ್ನೂ ಇರುವ ಮನೆಗಳಲ್ಲಿ ಇದನ್ನು ವಿಶೇಷವಾಗಿ ಹೇಳಬೇಕು.

ಭಾಷೆಯ ವಿಷಯಕ್ಕೆ ಬರುತ್ತೇವೆ. ಇದನ್ನು ಅಭಿಮಾನದ ಪ್ರಶ್ನೆ ಎಂದು ಓದಬೇಡಿ. ಇದು ಚಿಕಿತ್ಸೆಯದೇ ಪ್ರಶ್ನೆ.

ಸ್ಟ್ರೋಕಿನ ತೀವ್ರತೆಯನ್ನು ಅಂಕದಲ್ಲಿ ಅಳೆಯುವ ಪಟ್ಟಿಯಲ್ಲಿ ರೋಗಿಗೆ ಎರಡು ಪ್ರಶ್ನೆ ಕೇಳಬೇಕು: ಈಗ ಯಾವ ತಿಂಗಳು? ನಿಮ್ಮ ಪ್ರಾಯ ಎಷ್ಟು? ಬಳಿಕ ಎರಡು ಆಜ್ಞೆ: ಕಣ್ಣು ಮುಚ್ಚಿ ತೆರೆಯಿರಿ, ಕೈ ಮುಷ್ಟಿ ಮಾಡಿ ಬಿಡಿ. ಆಮೇಲೆ ಚಿತ್ರ ತೋರಿಸಿ ಹೆಸರು ಹೇಳಿಸುವುದು, ವಾಕ್ಯ ಓದಿಸುವುದು. ಕನ್ನಡ ಶಾಲೆಯಲ್ಲಿ ಓದಿದ, ಮನೆಯಲ್ಲಿ ತುಳು ಮಾತಾಡುವ 70 ಪ್ರಾಯದ ಹೆಂಗಸಿಗೆ ಇದನ್ನು ಮಲಯಾಳದಲ್ಲಿ ಕೇಳಿದರೆ ಆಕೆ ಸುಮ್ಮನಿರಬಹುದು. ಮಾತಿನ ಕೇಂದ್ರಕ್ಕೆ ಪೆಟ್ಟು ಬಿದ್ದು ಸುಮ್ಮನಿರುವುದೋ ಭಾಷೆ ತಿಳಿಯದೆ ಸುಮ್ಮನಿರುವುದೋ? ಕೇಳಿದವರಿಗೆ ಗೊತ್ತಾಗುವುದಿಲ್ಲ. ಉಲ್ಟಾ ಅಪಾಯ ಇನ್ನೂ ದೊಡ್ಡದು. ಆಕೆ ತುಳುವಿನಲ್ಲಿ ಸರಾಗವಾಗಿ, ಆದರೆ ಅರ್ಥವಿಲ್ಲದ ಪದಗಳನ್ನು ಆಡುತ್ತಿದ್ದರೆ, ತುಳು ಬಾರದವರಿಗೆ ಅದು ಸರಿಯಾದ ಮಾತೇ ಎನಿಸಿಬಿಡುತ್ತದೆ, ಕೈಕಾಲು ಬೇರೆ ಆಡುತ್ತಿರುತ್ತದೆ, ಸ್ಟ್ರೋಕ್ ತಪ್ಪಿಹೋಗುತ್ತದೆ. ಯಾವ ತಿಂಗಳು ಎಂದರೆ ನಮ್ಮ ಹಿರಿಯರು “ಆಟಿ”, “ಸೋಣ” ಎಂದು ತುಳು ತಿಂಗಳ ಹೆಸರು ಹೇಳುತ್ತಾರೆ. ಅದನ್ನೇ ಮಲಯಾಳದಲ್ಲಿ ಕರ್ಕಟಕ, ಚಿಂಙ ಎಂದರೆ ತಿಳಿಯುವ ತೆಂಕಣ ಜಿಲ್ಲೆಗಳ ಸಿಬ್ಬಂದಿಗೆ ಅದು ತಪ್ಪು ಉತ್ತರದಂತೆ ಕೇಳಿಸಬಹುದು. ಸರಿ ಉತ್ತರ ಕೊಟ್ಟ ರೋಗಿಗೆ ತಪ್ಪಿನ ಅಂಕ ಬೀಳುತ್ತದೆ. ಹಲವು ಭಾಷೆ ಬಲ್ಲವರಲ್ಲಿ ಸ್ಟ್ರೋಕ್ ಎಲ್ಲ ಭಾಷೆಗಳನ್ನೂ ಒಂದೇ ಅಳತೆಯಲ್ಲಿ ಕೆಡಿಸುವುದಿಲ್ಲ. ಒಂದು ಹೆಚ್ಚು ಹೋಗಿ ಇನ್ನೊಂದು ಉಳಿಯುವುದುಂಟು, ಮರಳುವಾಗಲೂ ಹಾಗೆಯೇ. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಒಂದೇ ಬೀದಿಯಲ್ಲಿ ಕೇಳುವ ಈ ಜಿಲ್ಲೆಯಲ್ಲಿ ಮಾತಿನ ಪರೀಕ್ಷೆ ಮನೆಮಾತಿನಲ್ಲಿ ನಡೆಯದಿದ್ದರೆ ಅದು ಪರೀಕ್ಷೆಯೇ ಅಲ್ಲ.

ಇನ್ನು ಸಮಯದ ಪ್ರಶ್ನೆ. “ಯಾವಾಗ ಶುರುವಾಯಿತು?” ಎಂದು ಕೇಳಿದರೆ “ಬೆಳಿಗ್ಗೆ ಏಳುವಾಗ ಹೀಗಿತ್ತು” ಎಂಬ ಉತ್ತರ ಬರುತ್ತದೆ. ಆಗ ವೈದ್ಯರು ರಾತ್ರಿ ಮಲಗಿದ ಹೊತ್ತಿನಿಂದ ಲೆಕ್ಕ ಹಿಡಿಯಬೇಕಾಗುತ್ತದೆ, ಸಮಯ ಮೀರಿತು ಎಂದಾಗುತ್ತದೆ. ಆದರೆ ಅವರ ಭಾಷೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಕೇಳಿ: ರಾತ್ರಿ ಮೂತ್ರಕ್ಕೆ ಎದ್ದಿದ್ದರೇ? ನೆಟ್ಟಗೆ ನಡೆದರೇ? ನಸುಕಿನಲ್ಲಿ ಮಸೀದಿಯ ಸುಬಹ್ ಬಾಂಗ್ ಕೂಗುವಾಗ ಮಾತಾಡಿದರೇ? ರಬ್ಬರ್ ಟ್ಯಾಪಿಂಗಿಗೆ ಹೋಗಿ ಬಂದು ಮಲಗಿದ್ದೋ? ಸೊಸೈಟಿಗೆ ಹಾಲು ಕೊಟ್ಟು ಬಂದದ್ದು ಯಾರು? ಗಡಿಯಾರ ನೋಡದ ಮನೆಗಳಲ್ಲೂ ಹೊತ್ತಿಗೆ ಗುರುತುಗಳಿವೆ. ಐದು ಗಂಟೆಗೆ ಎದ್ದು ಸರಿಯಾಗಿ ನಡೆದಿದ್ದರು ಎಂದು ತಿಳಿದರೆ ಗಡಿಯಾರ ಅಲ್ಲಿಂದ ಶುರು. ಎಂಟು ಗಂಟೆಗೆ ಬಂದ ರೋಗಿಗೆ ಚಿಕಿತ್ಸೆ ಸಿಗುತ್ತದೆ. ಉತ್ತರ ಸಿಗದಿದ್ದರೂ ಎಂ.ಆರ್.ಐ. ನೋಡಿ ಕೆಲವರಿಗೆ ಔಷಧಿ ಕೊಡಬಹುದು ಎಂಬುದು 2018ರ ಬಳಿಕ ಗೊತ್ತಾಗಿದೆ. ಆದರೆ ಎಂ.ಆರ್.ಐ.ಗಿಂತ ಸರಿಯಾಗಿ ಕೇಳಿದ ಪ್ರಶ್ನೆ ಅಗ್ಗ, ಬೇಗ.

ಇಲ್ಲಿ ನಮ್ಮ ಕುಟುಂಬಗಳಿಗೂ ಒಂದು ಮಾತು. ಆಂಬುಲೆನ್ಸ್ ಬಂದಾಗ ಹತ್ತಿ ಕೂರುವವರು ಯಾರು? ಆಸ್ಪತ್ರೆಯ ವ್ಯವಹಾರ ಗೊತ್ತಿರುವ ಅಳಿಯ, ಹಣ ತರುವ ತಮ್ಮ, ಪಕ್ಕದ ಮನೆಯ ಗಟ್ಟಿಗ. ಗಂಡನನ್ನು ಕೊನೆಯ ಸಲ ಸರಿಯಾಗಿ ನೋಡಿದ ಹೆಂಡತಿ ಜಗಲಿಯಲ್ಲೇ ಉಳಿದಿರುತ್ತಾರೆ. ವೈದ್ಯರಿಗೆ ಬೇಕಾದ ಉತ್ತರ ಅವರಲ್ಲಿದೆ. ಅವರು ಜೊತೆಯಲ್ಲಿ ಹೋಗಬೇಕು. ಆಗದಿದ್ದರೆ ಅವರ ಕೈಗೆ ಸಿಗುವ ಫೋನ್ ನಂಬರ್ ಬರೆದುಕೊಂಡು ಹೋಗಬೇಕು. ತಿನ್ನುತ್ತಿರುವ ಎಲ್ಲ ಮಾತ್ರೆಗಳನ್ನು ಒಂದು ಚೀಲಕ್ಕೆ ಸುರಿದು ತನ್ನಿ. ಆಧಾರ್, ರೇಶನ್ ಕಾರ್ಡು ಹುಡುಕುತ್ತಾ ಹೊರಡುವುದನ್ನು ತಡಮಾಡಬೇಡಿ, ಅವು ಆಮೇಲೆ ಬರಲಿ. ಬಾಯಿಗೆ ನೀರು, ಕಾಫಿ, ಕಷಾಯ, ಮಾತ್ರೆ ಏನೂ ಬೇಡ. ನುಂಗುವ ಶಕ್ತಿ ಹೋಗಿದ್ದರೆ ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ರಜ್ಞೆ ಮಂಕಾಗಿದ್ದರೆ, ವಾಂತಿಯಾಗುತ್ತಿದ್ದರೆ ಒಂದು ಬದಿಗೆ ಮಗ್ಗುಲಾಗಿ ಮಲಗಿಸಿ. ಬೆರಳ ತುದಿಗೆ, ಕಿವಿಗೆ ಸೂಜಿ ಚುಚ್ಚಿ ರಕ್ತ ತೆಗೆದರೆ ಸರಿಯಾಗುತ್ತದೆ ಎಂಬ ವಾಟ್ಸಾಪ್ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ಅದು ಶುದ್ಧ ಸುಳ್ಳು. ಕೈ ಬಿದ್ದು ಹತ್ತು ನಿಮಿಷದಲ್ಲಿ ತಾನಾಗಿ ಸರಿಯಾದರೂ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ನಿಜವಾದ ಸ್ಟ್ರೋಕ್ ಬರುವ ಅಪಾಯ ಮುಂದಿನ 48 ಗಂಟೆಗಳಲ್ಲೇ ಅತಿ ಹೆಚ್ಚು.

ಬದುಕುಳಿಯುವ ಸಾಧ್ಯತೆ ಎಷ್ಟು ಎಂದು ಮನೆಯವರು ಕೇಳುತ್ತಾರೆ. ಉತ್ತರ ಸ್ಟ್ರೋಕಿನ ಬಗೆ, ಗಾತ್ರ, ರೋಗಿಯ ಪ್ರಾಯ ಹಾಗೂ ಬಂದಾಗಿನ ಪ್ರಜ್ಞೆಯ ಮಟ್ಟದ ಮೇಲಿದೆ. ಮಿದುಳಿನೊಳಗೆ ರಕ್ತಸ್ರಾವವಾದವರಲ್ಲಿ ಒಂದು ತಿಂಗಳೊಳಗೆ ನೂರರಲ್ಲಿ ಸುಮಾರು 40 ಮಂದಿ ತೀರಿಕೊಳ್ಳುತ್ತಾರೆ. ಹೆಪ್ಪಿನಿಂದಾದದ್ದರಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಆದರೆ ಎಲ್ಲಿ ವಾಸ ಎಂಬುದೂ ಲೆಕ್ಕಕ್ಕೆ ಬರುತ್ತದೆ. ನಮ್ಮದೇ ರಾಜ್ಯದ ತಿರುವನಂತಪುರದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಟ್ರೋಕ್ ಬರುವ ಪ್ರಮಾಣ ನಗರ, ಹಳ್ಳಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇತ್ತು. 28 ದಿನಗಳೊಳಗೆ ಸತ್ತವರು ನಗರದಲ್ಲಿ ನೂರಕ್ಕೆ 24.5, ಹಳ್ಳಿಯಲ್ಲಿ 37.1. ರಾಜಧಾನಿಯ ಸುತ್ತಲಿನ ಹಳ್ಳಿಗಳ ಕಥೆಯೇ ಇದು. ರಾಜ್ಯದ ಬಡಗಣ ತುದಿಯಲ್ಲಿರುವ ಎಣ್ಮಕಜೆ, ವರ್ಕಾಡಿ, ಮೀಂಜಗಳ ಲೆಕ್ಕ ಯಾರಾದರೂ ಹಾಕಲಿ ಎಂಬುದು ನಮ್ಮ ಕೋರಿಕೆಗಳಲ್ಲಿ ಒಂದು.

ಮೊದಲ ದಿನ ದಾಟಿದ ಮೇಲೂ ಅನೇಕರನ್ನು ಕೊಲ್ಲುವುದು ತಡೆಯಬಹುದಾದ ತೊಡಕುಗಳು. ನುಂಗುವ ಪರೀಕ್ಷೆ ಮಾಡದೆ ಗಂಜಿಯ ತಿಳಿ ಕುಡಿಸುವುದು ಅದರಲ್ಲಿ ಮುಖ್ಯ. ನೀರಿನಂತೆ ತೆಳುವಾದದ್ದೇ ಹೆಚ್ಚು ಅಪಾಯ. ನೆಟ್ಟಗೆ ಕೂರಿಸಿ ಚಮಚದಲ್ಲಿ ನೀರು ಕೊಟ್ಟು, ಕೆಮ್ಮು ಬಂದರೆ ಅಥವಾ ದನಿ ಒದ್ದೆಯಾದಂತೆ ಕೇಳಿದರೆ ನಿಲ್ಲಿಸಿ, ಮೂಗಿನ ನಳಿಕೆಯ ಮೂಲಕ ಆಹಾರ ಕೊಡಬೇಕು. ದೊಡ್ಡ ಸ್ಟ್ರೋಕಿನಲ್ಲಿ ಎರಡರಿಂದ ಐದನೇ ದಿನದ ನಡುವೆ ಮಿದುಳು ಊದಿಕೊಂಡು ರೋಗಿ ಮಂಪರಿಗೆ ಜಾರುತ್ತಾರೆ. “ನಿದ್ದೆ ಮಾಡಲಿ” ಎಂದು ಬಿಡುವ ಹೊತ್ತು ಅದಲ್ಲ. 60ರೊಳಗಿನ ಪ್ರಾಯದವರಿಗೆ 48 ಗಂಟೆಯೊಳಗೆ ತಲೆಬುರುಡೆಯ ಒಂದು ಭಾಗ ತೆಗೆದು ಊತಕ್ಕೆ ಜಾಗ ಕೊಡುವ ಆಪರೇಶನ್ ಮಾಡಿದಾಗ ನೂರರಲ್ಲಿ 78 ಮಂದಿ ಉಳಿದರು. ಮಾಡದಿದ್ದಾಗ ಉಳಿದವರು 29. ಮನೆಗೆ ಬಂದ ಮೇಲೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬಿದ್ದ ಕೈಯನ್ನು ಹಿಡಿದೆಳೆದು ಎಬ್ಬಿಸಬಾರದು. ಭುಜದ ಕೀಲು ಜಾರಿದರೆ ಆ ನೋವಿಗೇ ವ್ಯಾಯಾಮ ನಿಲ್ಲುತ್ತದೆ. ಚೇತರಿಕೆ ಅತಿ ವೇಗವಾಗಿ ಆಗುವುದು ಮೊದಲ ಮೂರು ತಿಂಗಳಲ್ಲಿ. ಆ ಮೂರು ತಿಂಗಳು ನಮ್ಮ ಮನೆಗಳಲ್ಲಿ ಎಣ್ಣೆ ತಿಕ್ಕುವುದರಲ್ಲೇ ಕಳೆದುಹೋಗುತ್ತವೆ. ಎಣ್ಣೆ ತಿಕ್ಕಿದರೆ ಕೆಡುಕಿಲ್ಲ, ಆದರೆ ಅದು ನಿಲ್ಲುವ, ನಡೆಯುವ, ಲೋಟ ಹಿಡಿಯುವ ಅಭ್ಯಾಸಕ್ಕೆ ಬದಲಾಗಲಾರದು. ಮೂವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ. ಮಾತು ಹೋದವರ ಖಿನ್ನತೆಯನ್ನು ಅವರ ಭಾಷೆ ಬಾರದವರು ಗುರುತಿಸುವುದು ಹೇಗೆ?

ಕಾರಣಗಳ ಬಗ್ಗೆ ಉದ್ದ ಬರೆಯುವುದಿಲ್ಲ, ಅವು ನಿಮಗೆ ಗೊತ್ತು. ಎಲ್ಲಕ್ಕಿಂತ ದೊಡ್ಡದು ರಕ್ತದೊತ್ತಡ. ನಮ್ಮಲ್ಲಿ ಅದು ಕೆಡುವುದು ಒಂದೇ ರೀತಿ: “ಬೀಪಿ ಸರಿಯಾಯಿತು” ಎಂದು ಮಾತ್ರೆ ಬಿಡುವುದು. ಸರಿಯಾದದ್ದೇ ಮಾತ್ರೆಯಿಂದ ಎಂದು ಯಾರೂ ಅವರ ಭಾಷೆಯಲ್ಲಿ ಕೂತು ಹೇಳಿರುವುದಿಲ್ಲ. ದಿನಕ್ಕೆ ಒಬ್ಬರಿಗೆ ಉಪ್ಪು ಐದು ಗ್ರಾಂ, ಅಂದರೆ ಒಂದು ಚಿಕ್ಕ ಚಮಚ ಮೀರಬಾರದು. ಕುಚ್ಚಲಕ್ಕಿ ಗಂಜಿಯ ಜೊತೆ ಮಿಡಿ ಉಪ್ಪಿನಕಾಯಿ, ಒಣಮೀನು, ಹಪ್ಪಳ ಸೇರಿದರೆ ಒಂದೇ ಊಟಕ್ಕೆ ಅದರ ದೊಡ್ಡ ಪಾಲು ಮುಗಿಯುತ್ತದೆ. ಬೀಡಿ, ಮಧುಮೇಹ ಆಮೇಲಿನವು. ನಾಡಿ ಅಡ್ಡಾದಿಡ್ಡಿ ಬಡಿಯುವ ಹೃದಯದ ಕಾಯಿಲೆ ಇದ್ದರೆ ಸ್ಟ್ರೋಕಿನ ಅಪಾಯ ಸುಮಾರು ಐದು ಪಟ್ಟು. ಆಶಾ ಕಾರ್ಯಕರ್ತೆಯೊಬ್ಬರು ಒಂದು ನಿಮಿಷ ಮಣಿಕಟ್ಟು ಹಿಡಿದರೆ ಅನುಮಾನ ಬರಬಹುದು.

ಗಡಿಯ ವಿಷಯ ಹೇಳದೆ ಇರುವಂತಿಲ್ಲ. ಕೋವಿಡ್ ಕಾರಣಕ್ಕೆ 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿ ಮುಚ್ಚಿ, ಒಳದಾರಿಗಳಿಗೆ ಮಣ್ಣು ಸುರಿದಾಗ ಈ ಜಿಲ್ಲೆಯ ರೋಗಿಗಳು ಮಂಗಳೂರು ಮುಟ್ಟಲಾಗದೆ ಸತ್ತರು. ಪ್ರಕರಣ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡ ಅದೇ ಏಪ್ರಿಲಿನಲ್ಲಿ ಅವಸರದಿಂದ ಕೋವಿಡ್ ಆಸ್ಪತ್ರೆಯಾಯಿತು. ಆ ಅವಸರ ಈ ಕಾಯಿಲೆಗೂ ಬೇಕು. ಎಣ್ಮಕಜೆ, ಬದಿಯಡ್ಕ, ಬೆಳ್ಳೂರು, ಕುಂಬ್ಡಾಜೆಯವರಿಗೆ ಹತ್ತಿರವಿರುವುದು ಉಕ್ಕಿನಡ್ಕ.

ಆದ್ದರಿಂದ ನಮ್ಮ ಬೇಡಿಕೆಗಳು ಹೀಗಿವೆ.

ಜಿಲ್ಲೆಯ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ಹೊತ್ತಿನಲ್ಲಿ ಸಿ.ಟಿ. ಮತ್ತು ಹೆಪ್ಪು ಕರಗಿಸುವ ಔಷಧಿ ಎರಡೂ ಸಿಗುತ್ತವೆ ಎಂಬ ಪಟ್ಟಿಯನ್ನು ಕನ್ನಡದಲ್ಲಿ, ಒಂದೇ ಪುಟದಲ್ಲಿ, ಫೋನ್ ನಂಬರಿನೊಂದಿಗೆ ಪ್ರಕಟಿಸಬೇಕು. ಪಂಚಾಯತು ಕಚೇರಿ, ರೇಶನ್ ಅಂಗಡಿ, ಹಾಲಿನ ಸೊಸೈಟಿ, ರಿಕ್ಷಾ ನಿಲ್ದಾಣ, ಶಾಲೆಗಳಲ್ಲಿ ಅದನ್ನು ಅಂಟಿಸುವುದು ಪಂಚಾಯತು ಅಧ್ಯಕ್ಷರ ಹೊಣೆಯಾಗಲಿ. ಕೇರಳ ಸರ್ಕಾರದ ಕಾರುಣ್ಯ ಆರೋಗ್ಯ ವಿಮೆ ಕಾರ್ಡು ನಡೆಯುವ ಮಂಗಳೂರಿನ ಆಸ್ಪತ್ರೆಗಳು ಇದ್ದರೆ ಅವುಗಳ ಹೆಸರೂ ಅದರಲ್ಲಿರಲಿ.

ಸ್ಟ್ರೋಕ್ ಅನುಮಾನವಿರುವ ರೋಗಿಯನ್ನು 108 ಆಂಬುಲೆನ್ಸ್ ಹತ್ತಿರದ ಆಸ್ಪತ್ರೆಗಲ್ಲ, ಚಿಕಿತ್ಸೆ ಸಿಗುವ ಆಸ್ಪತ್ರೆಗೆ ಒಯ್ಯಬೇಕು. ಹೊರಡುವಾಗಲೇ ಅಲ್ಲಿಗೆ ಫೋನ್ ಹೋಗಬೇಕು, ಸ್ಕ್ಯಾನ್ ಮೇಜು ಖಾಲಿಯಿರಬೇಕು. ಅಗತ್ಯಬಿದ್ದರೆ ತಲಪಾಡಿ ದಾಟುವ ಬಗ್ಗೆ ಚಾಲಕರಿಗೆ ಲಿಖಿತ ಆದೇಶವಿರಲಿ, ದಾರಿಯ ನಡುವೆ ಅನುಮತಿ ಕೇಳುತ್ತಾ ನಿಲ್ಲುವಂತಾಗದಿರಲಿ. ಕರೆ ಸ್ವೀಕರಿಸುವಲ್ಲಿ ದಿನದ 24 ಗಂಟೆಯೂ ಕನ್ನಡ ಬಲ್ಲವರೊಬ್ಬರು ಸಿಗಬೇಕು.

ತುರ್ತು ವಿಭಾಗಗಳಲ್ಲಿ ಸಮಯ ಕೇಳುವ ಪ್ರಶ್ನೆಗಳು, ತೀವ್ರತೆ ಅಳೆಯುವ ಪಟ್ಟಿ, ಓದಿಸುವ ವಾಕ್ಯಗಳು, ಹೆಪ್ಪು ಕರಗಿಸುವ ಔಷಧಿಯ ಒಪ್ಪಿಗೆ ಪತ್ರ – ಇಷ್ಟೂ ಕನ್ನಡದಲ್ಲಿರಬೇಕು. ಬಾಯಿಮಾತಿನ ಭಾಗ ತುಳುವಿನಲ್ಲೂ ಇರಲಿ. ಓದಲಾಗದ ಒಪ್ಪಿಗೆ ಪತ್ರವನ್ನು ಹಿಡಿದು ಯಾರಿಗೋ ಫೋನ್ ಮಾಡುತ್ತಾ ನಿಂತ ಕುಟುಂಬ ಕಳೆದುಕೊಳ್ಳುವ 20 ನಿಮಿಷಕ್ಕೆ ಬೇರಾವ ಕಾರಣವೂ ಇಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾನೂನು ಭಾಷಾ ಅಲ್ಪಸಂಖ್ಯಾತರೆಂದು ಗುರುತಿಸಲಾದ ಪ್ರದೇಶಗಳಲ್ಲಿ ಕನ್ನಡಿಗರಿಗೆ ಸ್ಥಳೀಯ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ತಾಲೂಕು ಕಚೇರಿಯ ಅರ್ಜಿಗೆ ಇರುವ ಹಕ್ಕು ಜೀವ ಉಳಿಸುವ ಕಾಗದಕ್ಕೂ ಇರಬೇಕು.

ಸಿ.ಟಿ. ಇಲ್ಲದ ಆರೋಗ್ಯ ಕೇಂದ್ರಗಳಿಗೆ ಐದು ಸಾಲಿನ ಸೂಚನೆ ಸಾಕು: ಸಕ್ಕರೆ ನೋಡಿ, ನಾಲಗೆಯಡಿ ಬೀಪಿ ಮಾತ್ರೆ ಬೇಡ, ಆಸ್ಪಿರಿನ್ ಬೇಡ, ಬಾಯಿಗೆ ಏನೂ ಬೇಡ, ಹತ್ತು ನಿಮಿಷದೊಳಗೆ ಕಳಿಸಿ.

ಮತ್ತೊಂದು, ನಮ್ಮ ಪಂಚಾಯತುಗಳ ಪಾಲಿಯೇಟಿವ್ ದಾದಿಯರು ಈಗಾಗಲೇ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಿದ್ದಾರೆ. 2008ರ ನೀತಿಯಿಂದ ಕೇರಳ ಕಟ್ಟಿದ ಈ ಜಾಲ ದೇಶಕ್ಕೇ ಮಾದರಿ. ಅದರೊಡನೆ ತಿಂಗಳಿಗೆ ಎರಡು ಸಲವಾದರೂ ಒಬ್ಬ ಫಿಸಿಯೋಥೆರಪಿಸ್ಟ್ ಹೋಗಲಿ, ಸ್ಟ್ರೋಕ್ ಆದ ಮೊದಲ ವಾರದಿಂದಲೇ. ಜಿಲ್ಲೆಗೆ ಕನ್ನಡ, ತುಳು ಬಲ್ಲ ವಾಕ್‌ಚಿಕಿತ್ಸಕರ ಒಂದು ಹುದ್ದೆಯನ್ನಾದರೂ ಮಂಜೂರು ಮಾಡಿ. ಮಾತು ಹೋದವರಿಗೆ ಪರಭಾಷೆಯಲ್ಲಿ ಮಾತು ಕಲಿಸಲಾಗದು.

ಕೊನೆಯದಾಗಿ, ಪ್ರತಿ ರೋಗಿಯ ಮೂರು ಹೊತ್ತುಗಳನ್ನು ದಾಖಲಿಸಿ: ಕೊನೆಯ ಸಲ ಸರಿಯಾಗಿದ್ದುದು, ಆಸ್ಪತ್ರೆಯ ಬಾಗಿಲು ಮುಟ್ಟಿದ್ದು, ಔಷಧಿ ಚುಚ್ಚಿದ್ದು. ಬಾಗಿಲಿನಿಂದ ಚುಚ್ಚುವವರೆಗೆ 60 ನಿಮಿಷ ಮೀರಬಾರದೆಂಬುದು ಲೋಕಮಾನ್ಯ ಗುರಿ. ಪಂಚಾಯತುವಾರು ಆ ಅಂಕಿಗಳನ್ನು ಆರು ತಿಂಗಳಿಗೊಮ್ಮೆ ಪ್ರಕಟಿಸಿದರೆ ಸಮಯ ಎಲ್ಲಿ ಸೋರುತ್ತಿದೆ ಎಂದು ನಮ್ಮ ಪತ್ರವಿಲ್ಲದೆಯೂ ನಿಮಗೆ ಕಾಣುತ್ತದೆ.

ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು ದಿನ. ಆಸ್ಪತ್ರೆಗಳ ಪಟ್ಟಿ, ಐದು ಸಾಲಿನ ಸೂಚನೆ, ಕನ್ನಡದ ಒಪ್ಪಿಗೆ ಪತ್ರ – ಹೊಸ ಕಟ್ಟಡವಾಗಲೀ ಹೊಸ ಯಂತ್ರವಾಗಲೀ ಬೇಡದ ಈ ಮೂರನ್ನು ಆ ದಿನದೊಳಗೆ ಜಾರಿಗೆ ತರಬೇಕೆಂದು ಕೋರುತ್ತೇವೆ. ಕನ್ನಡ ಮತ್ತು ತುಳು ಪಠ್ಯಗಳನ್ನು ಸಿದ್ಧಪಡಿಸಿ, ಪರಿಶೀಲಿಸಿ ಕೊಡುವ ಕೆಲಸವನ್ನು ಯಾವ ಸಂಭಾವನೆಯೂ ಇಲ್ಲದೆ ನಾವೇ ಮಾಡುತ್ತೇವೆ. ಯಾವ ದಿನ, ಎಲ್ಲಿಗೆ ಬರಬೇಕೆಂದು ತಿಳಿಸಿದರೆ ಸಾಕು.

ಇತಿ, ನಿಮ್ಮ ವಿಶ್ವಾಸಿಗಳು,
ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಕನ್ನಡ ಬಲ್ಲ ಆರೋಗ್ಯ ಕಾರ್ಯಕರ್ತರು